ಗಣಪಣ್ಣ ಕಲಿತ ಗುಂಡಿನಾಟ

ಮಳೆಗಾಲದಲ್ಲಿ ಬೋಟುಗಳು ದಡ ಹತ್ತಿದವೆಂದರೆ ಹಂಗಾರಕಟ್ಟೆಯ ಬಲೆ ಶೆಡ್ಡಿನಲ್ಲಿ ಕೆಲಸಕ್ಕಿಂತ ಮಾತೇ ಜಾಸ್ತಿ. ಹರಿದ ಬಲೆ ಹೆಣೆಯುತ್ತ ಒಬ್ಬ ಊರಿನ ಸುದ್ದಿ ತೆಗೆದರೆ ಇನ್ನೊಬ್ಬ ಅದಕ್ಕೆ ಬಾಲ ಹಚ್ಚುತ್ತಾನೆ. ಅಂಥ ಒಂದು ಸಂಜೆ, ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಯಾರನ್ನೋ ಗುಂಡಿಟ್ಟು ಉರುಳಿಸುತ್ತಿದ್ದ ಚಂದ್ರ ತಲೆಯೆತ್ತದೆಯೇ ಹೇಳಿದ:

"ಗಣಪಣ್ಣ, ನಿಮ್ ಮೊಮ್ಮಗಳ್ ಪ್ರೇಕ್ಷಾ ಭಾರಿ ಹುಷಾರ್ ಮರ್ರೆ. ನಿನ್ನೆ ಅದೊಂದೇ ಐದ್ ಜನನ್ನ ಹೊಡ್ದ್ ಹಾಕಿತ್."

ಗಣಪಣ್ಣನ ಕೈಯ ಸೂಜಿ ನಿಂತಿತು. ಚಂದ್ರ ಕೆಲಸ ಮಾಡುವ ಬೋಟಿಗೆ ಗಣಪಣ್ಣನೇ ತಾಂಡೇಲ. ಚುಕ್ಕಾಣಿ ಹಿಡಿಯುವವನು, ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು ಅನ್ನುವವನು. ಮಗಳು ಪದ್ದು ಕಳೆದ ಕಾರ್ತಿಕದಲ್ಲಿ ಜ್ವರಕ್ಕೆ ತೀರಿಹೋದ ಮೇಲೆ ಅಳಿಯ ರಾಜೀವ ಹುಡುಗಿಯನ್ನು ಮುಂಬಯಿಗೆ ಕರೆದುಕೊಂಡು ಹೋಗಿದ್ದ. ಗಣಪಣ್ಣ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಆ ಕಡೆಯಿಂದ ಬರುತ್ತಿದ್ದದ್ದು "ಹ್ಞಾ", "ಇಲ್ಲೆ", "ಅಪ್ಪಂಗೆ ಕೊಡ್ತೆ". ಅಷ್ಟೇ.

"ನಿನ್ ಹತ್ರ ಮಾತಾಡತ್ತಾ ಅದ್?"

"ಮಾತಾ? ಬಾಯಿ ಮುಚ್ಚುದಿಲ್ಲೆ. ದಿನಾ ಸಂಜಿಗೆ ಒಟ್ಟಿಗೆ ಆಡ್ತೊ."

ಗಣಪಣ್ಣ ಬಲೆಯ ಎರಡು ಕಣ್ಣು ತಪ್ಪು ಹೆಣೆದ, ಬಿಚ್ಚಿದ, ಮತ್ತೆ ತಪ್ಪು ಹೆಣೆದ. ಆಮೇಲೆ ತನ್ನ ಮೊಬೈಲನ್ನು ಚಂದ್ರನ ಮುಂದೆ ಇಟ್ಟ. "ನಂಗೂ ಹಾಕಿ ಕೊಡ್."

ಆಟಕ್ಕೆ ದುಡ್ಡು ಕೊಡುವುದೇನಿಲ್ಲ, ಇಳಿಸಿಕೊಂಡರಾಯಿತು. ಆದರೆ ನೈಲಾನ್ ಹಗ್ಗ ಎಳೆದು ಎಳೆದು ದಡ್ಡುಗಟ್ಟಿದ ಹೆಬ್ಬೆರಳಿಗೆ ಆ ಗಾಜು ಸ್ಪಂದಿಸಬೇಕಲ್ಲ. ಎಡ ಹೆಬ್ಬೆರಳಲ್ಲಿ ನಡೆಯಬೇಕು, ಬಲ ಹೆಬ್ಬೆರಳಲ್ಲಿ ಗುಂಡು ಬಿಡಬೇಕು. ಗಣಪಣ್ಣನ ಸಿಪಾಯಿ ಸುಮಾರು ಹೊತ್ತು ಗೋಡೆಗೆ ಮುಖ ಕೊಟ್ಟು ನಡೆದ.

"ಸುತ್ತ ಇಪ್ಪ ಈ ನೀಲಿ ಗೆರೆ ಎಂತ?"

"ಅದ್ ಸಣ್ಣ ಆತಾ ಬತ್ತ್. ಹೊರ್ಗ್ ಉಳ್ದವ ಸತ್ತ. ಒಳ್ಗ್ ಓಡ್ಕ್."

"ಕೈರಂಪಣಿ ಬಲೆ ಸುತ್ತ ಹಾಕಿ ದಡಕ್ಕೆ ಎಳ್ದಾಂಗೆ. ಹಾಂಗಾರ್ ನಾವ್ ಮೀನಾ?"

"ಮೀನೇ. ಓಡಿ ಈಗ."

ನಾಲ್ಕು ದಿನ ಹೀಗೆ ಕಲಿತ ಮೇಲೆ ಚಂದ್ರ ಪ್ರೇಕ್ಷಾಳನ್ನೂ ಸೇರಿಸಿ ಮೂವರ ತಂಡ ಕಟ್ಟಿದ. ಗಣಪಣ್ಣನದು ಒಂದೇ ಷರತ್ತು. ತಾನು ಯಾರೆಂದು ಹೇಳಕೂಡದು, ತನ್ನ ಮೈಕು ಬಂದ್ ಇರಬೇಕು. ಗೊತ್ತಾದರೆ ಹುಡುಗಿ ಎದ್ದು ಹೋದೀತು ಅನ್ನುವ ಹೆದರಿಕೆ.

"ಚಂದ್ರಣ್ಣ, ಯಾರಿದು ಹೊಸಬ್ರು?" ಇಯರ್‌ಫೋನಿನಲ್ಲಿ ಪ್ರೇಕ್ಷಾಳ ಸ್ವರ. ಪದ್ದುವಿನದೇ ಸ್ವರ, ಮೇಲೆ ಒಂಚೂರು ಮುಂಬಯಿ ಸವರಿದ ಹಾಗೆ.

"ನಮ್ ಬೋಟಿನವ್ರ್. ಮಾತಾಡುಕೆ ನಾಚ್ಕಿ."

"ಬೋಟಿನವ್ರೇ, ಗೋಡೆಗೆ ಎಂತಕೆ ಗುಂಡು ಹೊಡೀತ್ರಿ? ಗೋಡೆ ಎಂತ ಮಾಡಿತ್ ನಿಮ್ಗೆ?" ಹುಡುಗಿ ನಕ್ಕಳು. "ಸೀದಾ ಓಡ್ಬೇಡಿ, ಹಾವಿನ ಹಾಂಗೆ ಓಡಿ. ನನ್ ಹಿಂದೆ ಬನ್ನಿ."

ಗಣಪಣ್ಣ ಅವಳ ಹಿಂದೆ ಹೋದ. ಅಡಗು ಅಂದರೆ ಅಡಗಿದ, ಹಾರು ಅಂದರೆ ಹಾರಿದ. ಒಂದು ವಾರ ಸಂಜೆಗಳೆಲ್ಲ ಹೀಗೇ ಕಳೆದವು. ಚಹಾ ಆರಿ ತಣ್ಣಗಾದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ನೀಲಿ ಗೆರೆ ಬೇಗ ಒತ್ತಿಕೊಂಡು ಬಂತು. ಚಂದ್ರ, ಗಣಪಣ್ಣ ಒಳಗೆ ಸೇರಿಯಾಗಿತ್ತು. ಹಿಂದೆ ಉಳಿದ ಪ್ರೇಕ್ಷಾ ಗುಂಡು ತಾಗಿ ನೆಲಕ್ಕೆ ಬಿದ್ದಳು. ಬಿದ್ದವರನ್ನು ಹತ್ತಿರ ಹೋಗಿ ಎತ್ತಿದರೆ ಬದುಕುತ್ತಾರೆ, ಇಲ್ಲದಿದ್ದರೆ ಆಟ ಮುಗಿಯಿತು.

"ಛೋಡೋ ಯಾರ್, ನೀವು ಹೋಗಿ. ನಾನು ಔಟ್," ಅಂದಳು.

ಕಡಲಿನಲ್ಲಿ ಆಳು ನೀರಿಗೆ ಬಿದ್ದರೆ ಯಾರನ್ನೂ ಕೇಳುವುದಿಲ್ಲ, ಬೋಟು ತಿರುಗಿಸುವುದೇ. ಗಣಪಣ್ಣ ತಿರುಗಿದ. ಗೆರೆಯ ಹೊರಗೆ ಮೈಯೆಲ್ಲ ಕೆಂಪಾಗುತ್ತಿದ್ದರೂ ಓಡಿದ. ಪಕ್ಕದಲ್ಲಿ ಚಂದ್ರನ ಮೈಕು ತೆರೆದಿದೆ ಅನ್ನುವುದು ಮರೆತೇ ಹೋಯಿತು.

"ಬತ್ತೆ ಮಗಾ, ಹೆದ್ರ್‌ಬೇಡ."

ಅವಳನ್ನು ಮುಟ್ಟುವ ಮೊದಲೇ ಅವನ ಸಿಪಾಯಿಯೂ ಬಿದ್ದ. ಚಂದ್ರನೂ ಬಿದ್ದು ಆಟ ಮುಗಿದಾಗ ಮೂವರೂ ಶುರುವಿನಲ್ಲಿ ತಂಡ ಸೇರುವ ಅಂಗಳಕ್ಕೆ ಬಂದು ನಿಂತರು.

"ಅಜ್ಜಯ್ಯ?"

ಚಂದ್ರ ಮುಖ ಆಚೆ ಮಾಡಿದ. ಗಣಪಣ್ಣ ಮೈಕು ಒತ್ತಿದ. "ಹೌದ್ ಮಗಾ."

ಹುಡುಗಿಯ ಸ್ವರದಲ್ಲಿ ನಗು ಇರಲಿಲ್ಲ. "ಆಟದಲ್ಲಾದ್ರೆ ಬತ್ರಿ. ಅಮ್ಮ ಆಸ್ಪತ್ರೆಯಲ್ಲಿ ಅಪ್ಪಯ್ಯ ಬಂದ್ರಾ, ಅಪ್ಪಯ್ಯ ಬಂದ್ರಾ ಅಂತಿತ್ತ್. ನೀವ್ ಬರ್ಲಿಲ್ಲ. ಕಡಲು ದೂರ ಅಂದ್ರು ಎಲ್ರೂ. ಅಷ್ಟು ದೂರ ಇತ್ತಾ?"

ಇತ್ತು ಅಂದರೆ ಮುಗಿಯುತ್ತಿತ್ತು. ಮನೆಯವರೆಲ್ಲ ಅದನ್ನೇ ಹೇಳಿದ್ದರು, ಅವನೂ ತಲೆಯಾಡಿಸಿದ್ದ. ನಿಜ ಚಂದ್ರನಿಗೆ ಮಾತ್ರ ಗೊತ್ತಿತ್ತು. ಅವನು ಆ ದಿನ ಬೋಟಿನಲ್ಲಿದ್ದ.

"ದೂರವೇ ಮಗಾ. ಆದ್ರೆ ವೈರ್‌ಲೆಸ್ಸಿಗೆ ಸುದ್ದಿ ಬಪ್ಪತ್ತಿಗೆ ಬಲೆ ನೀರಲ್ಲಿತ್ತ್. ಚಂದ್ರ ಹಗ್ಗ ಕಡ್ದ್ ಬಲೆ ಬಿಟ್ಟ್ ಹೋಪ ಅಂದ. ನಾನೇ ಬೇಡ ಅಂದೆ. ಜ್ವರ ಅಲ್ದಾ, ಕಡ್ಮಿ ಆತ್ತ್ ಅಂದ್ಕಂಡೆ. ಬಲೆ ಎಳ್ದ್ ಮುಗ್ಸಿ ಹೊರ್ಟದ್ದ್."

"ಕಡ್ದಿದ್ರೆ ಅಮ್ಮ ನಿಮ್ಮನ್ನ ಕಾಣ್ತಿತ್ತಾ?"

"ಕಾಣ್ತಿತ್ತ್ ಮಗಾ."

ಅತ್ತ ಕಡೆ ಕುಕ್ಕರು ಒಂದು ಸೀಟಿ ಹಾಕಿತು. ಯಾರದೋ ಟೀವಿ ಹಿಂದಿಯಲ್ಲಿ ಮಾತಾಡುತ್ತಿತ್ತು. ಅದರ ನಡುವೆ ಹುಡುಗಿ ಉಸಿರು ನುಂಗಿ ನುಂಗಿ ಅಳುವುದು ಕೇಳಿಸಿತು. ಚಂದ್ರ ತಡೆಯಲಾರದೆ, ಮುಂದಿನ ಆಟವಾದರೂ ಶುರುವಾಗಲಿ ಎಂದು ಗುಂಡಿ ಒತ್ತಲು ಕೈ ಚಾಚಿದ. ಗಣಪಣ್ಣ ಆ ಕೈ ಹಿಡಿದು ಕೆಳಗಿಟ್ಟ.

ಶೆಡ್ಡಿನ ತಗಡಿಗೆ ಮಳೆ ಹೊಡೆಯತೊಡಗಿದಾಗ ಅವನು ಇಯರ್‌ಫೋನನ್ನು ಕಿವಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡ. ಅವಳು ಅಳುತ್ತಲೇ ಇದ್ದಳು. ಮೈಕು ಬಂದ್ ಮಾಡಿ ಎದ್ದು ಹೋಗಲಿಲ್ಲ.