ಎರಡು ಸೀಟಿ, ಅರ್ಧ ಬಾಳೆಹಣ್ಣು

“ಒಂದೇ ತಿಂಗಳಲ್ಲಿ ಇದು ಮೂರನೇ ಸಲ ಅತ್ತಿಗೆ. ಬಸ್ಸಿಲ್ಲದ ಕಂಡಕ್ಟರನ್ನ ನೋಡ್ಬೇಕಾದ್ರೆ ಇಲ್ಲಿಗೆ ಬನ್ನಿ ಅಂತ ಒಂದು ಬೋರ್ಡ್ ಬರೆಸಿಬಿಡಿ.”

ಬಸ್ಸಿನ ಹಿಂದೆ ಓಡಿ ಸೋತು ಬಂದ ಮೈದುನ ಅತ್ತಿಗೆಯ ಚಹಾದಂಗಡಿಯ ಬೆಂಚಿನ ಮೇಲೆ ಕುಸಿದ. ಅತ್ತಿಗೆ ನೀರು ಕೊಟ್ಟಳು. ಆರೋಪಿ ಅಂಗಡಿಯ ಮುಂದಿನ ಕಂಬಿಯ ಮೇಲೆ ಕೂತಿತ್ತು. ಅದೊಂದು ಗೊರವಂಕ. ರೆಕ್ಕೆ ಮುರಿದು ಬಿದ್ದಿದ್ದನ್ನು ಎರಡು ವರ್ಷದ ಹಿಂದೆ ಅತ್ತಿಗೆ ಎತ್ತಿ ತಂದು ಸಾಕಿದ್ದಳು. ತಪಾಸಣೆಗೆ ಬಂದವರಂತೆ ಎದೆಯುಬ್ಬಿಸಿ ನಡೆಯುತ್ತಿದ್ದುದರಿಂದ ಎಲ್ಲರೂ ಅದನ್ನು ಸಾಹೇಬರು ಎನ್ನುತ್ತಿದ್ದರು.

ಕಂಡಕ್ಟರ್ ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಈ ನಿಲ್ದಾಣದಲ್ಲಿ ಮೈದುನ ಇಳಿದು, ಆಚೆಯ ಕಚೇರಿಯ ಕಿಟಕಿಯಲ್ಲಿ ರಿಜಿಸ್ಟರಿಗೆ ಸಹಿ ಹಾಕಿ ಬರುವಷ್ಟರಲ್ಲಿ ಸಾಹೇಬರು ಎರಡು ಸೀಟಿ ಹೊಡೆದುಬಿಡುತ್ತಿದ್ದರು. ಥೇಟ್ ಅವನದೇ ಸೀಟಿ. ಡ್ರೈವರ್ ಬಸ್ಸು ಬಿಟ್ಟೇಬಿಡುತ್ತಿದ್ದ.

ಇವತ್ತು ಅದನ್ನು ಡಿಪೋ ಮ್ಯಾನೇಜರ್ ಕಣ್ಣಾರೆ ನೋಡಿದ್ದರು. ಹೋಗುವಾಗ ಹೇಳಿಯೇ ಹೋಗಿದ್ದರು. “ಸೋಮವಾರ ಬರ್ತೀನಿ ನೋಡಮ್ಮ. ಅವತ್ತೂ ಈ ಹಕ್ಕಿ ನನ್ನ ಬಸ್ಸು ಓಡಿಸಿದ್ರೆ ಸೀದಾ ಮೃಗಾಲಯಕ್ಕೆ.”

“ಪಂಜರದಲ್ಲಿ ಬದುಕೋ ಪ್ರಾಣೀನೇನೋ ಇದು?” ಎನ್ನುತ್ತಾ ಅತ್ತಿಗೆ ಉಸ್ಸೆಂದು ಸ್ಟೂಲಿನ ಮೇಲೆ ಕೂತಳು. ಗೊನೆಯಿಂದ ಬಾಳೆಹಣ್ಣು ಕಿತ್ತು ಸುಲಿದಳು. ಅರ್ಧ ಬಾಯಿಗೆ ಹಾಕಿಕೊಂಡು ಇನ್ನರ್ಧ ಕಂಬಿಯತ್ತ ಹಿಡಿದಳು.

ಮೈದುನ ಲೋಟ ಕೆಳಗಿಟ್ಟ. “ಅತ್ತಿಗೆ, ಇದೇನು ಮಾಡ್ತಿದ್ದೀರಿ?”

“ಏನಿದೆ? ಬಸ್ಸು ಹೋದ್ಮೇಲೆ ತಾನೇ ನನ್ನ ಕೈ ಖಾಲಿಯಾಗೋದು? ದಿನಾ ಕೊಡ್ತೀನಪ್ಪ.”

“ಸರಿಹೋಯ್ತು. ಬಸ್ಸು ಓಡ್ಸೋದಕ್ಕೆ ಸಂಬಳ ಕೊಟ್ಟು ಇಟ್ಕೊಂಡಿದ್ದೀರಿ. ಎರಡು ಸೀಟಿ, ಬಸ್ಸು ಹೋಯ್ತು, ಹಣ್ಣು ಬಂತು. ಅದ್ಯಾಕೆ ಸುಮ್ನಿರುತ್ತೆ?”

ಅತ್ತಿಗೆ ಬಾಯಲ್ಲಿದ್ದ ಹಣ್ಣನ್ನು ಅಗಿಯುವುದನ್ನೇ ಮರೆತಳು.

ಡ್ರೈವರ್ ಮರುಟ್ರಿಪ್ಪಿಗೆ ಬಂದಾಗ ಅವನಿಗೂ ಒಂದಿಷ್ಟು ಪೂಜೆಯಾಯಿತು. “ನಿಮಗಾದ್ರೂ ಬುದ್ಧಿ ಬೇಡ್ವೇ ಅಣ್ಣಾ? ಕನ್ನಡಿಯಲ್ಲಿ ನೋಡಬಾರ್ದಾ?”

“ತಲೆಗೆ ಬುದ್ಧಿ ಇದೆ ಕಣಮ್ಮಾ, ಕಾಲಿಗೆ ಯಾರು ಹೇಳೋದು? ಹತ್ತೊಂಬತ್ತು ವರ್ಷದಿಂದ ಪೀಂ ಪೀಂ ಅಂದ್ರೆ ಕ್ಲಚ್ ಬಿಡೋ ಕಾಲಿದು. ಮೊನ್ನೆ ನೆಂಟರ ಮನೆಯಲ್ಲಿ ಮಗು ಪೀಪಿ ಊದ್ತು. ಊಟಕ್ಕೆ ಕೂತೋನು ಬೀಗರ ಕಾಲು ತುಳಿದುಬಿಟ್ಟೆ.”

ಅವತ್ತಿನಿಂದ ಕಾನೂನು ಬದಲಾಯಿತು. ಬಸ್ಸು ಬರುವಾಗ ಮೈದುನ ಒಂದು ಸೀಟಿ ಊದಿದ ಕೂಡಲೇ ಹಣ್ಣು. ಹೊರಟ ಮೇಲೆ ಏನೂ ಇಲ್ಲ. ಡ್ರೈವರ್ ಬಸ್ಸು ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿ ಕೂರುತ್ತಿದ್ದ.

ಮೊದಲ ಎರಡು ದಿನ ಸಾಹೇಬರು ಕೆಂಡವಾದರು. ಎರಡಲ್ಲ, ಇಪ್ಪತ್ತು ಸೀಟಿ ಹೊಡೆದರು. ಹೊರಡದ ಬಸ್ಸಿನಲ್ಲಿ ಡ್ರೈವರನ ಎಡಗಾಲು ಮಾತ್ರ ಏಳುತ್ತಾ ಬೀಳುತ್ತಾ ಇತ್ತು. ಮೂರನೇ ದಿನ ಸೀಟಿ ಕಡಿಮೆಯಾಯಿತು. ಆದರೆ ಅತ್ತಿಗೆಯದೇ ದೊಡ್ಡ ತಲೆನೋವು. ಬಸ್ಸಿನ ಸದ್ದು ದೂರವಾದರೆ ಸಾಕು, ಕೈ ತಾನಾಗಿ ಗೊನೆಗೆ ಹೋಗುತ್ತಿತ್ತು. ಸುಲಿದದ್ದನ್ನು ಏನು ಮಾಡುವುದು? ಸಾಹೇಬರಿಗೆ ಬೆನ್ನು ತಿರುಗಿಸಿ ಎರಡರ್ಧವನ್ನೂ ತಾನೇ ನುಂಗಿದಳು.

ಸೋಮವಾರ ಅದೇ ಬಸ್ಸಿನಿಂದ ಮ್ಯಾನೇಜರ್ ಇಳಿದು ಗಡಿಯಾರ ನೋಡುತ್ತಾ ಕಂಬಿಯ ಮುಂದೆ ನಿಂತರು. ಮೈದುನ ಕಿಟಕಿಗೆ ಹೋದ. ಅತ್ತಿಗೆ ಚಹಾ ಸೋಸುತ್ತಿದ್ದಳು, ಅರ್ಧ ಲೋಟದೊಳಗೆ, ಅರ್ಧ ಹೊರಗೆ. ಸಾಹೇಬರು ಆಗಲೇ ತಮ್ಮ ಹಣ್ಣು ತಿಂದಾಗಿತ್ತು. ಕೊಕ್ಕನ್ನು ಕಂಬಿಗೆ ಒರೆಸಿದರು. ಮ್ಯಾನೇಜರನ್ನು ಒಮ್ಮೆ ಬಲಗಣ್ಣಿಂದ, ಒಮ್ಮೆ ಎಡಗಣ್ಣಿಂದ ನೋಡಿದರು. ತುಟಿಪಿಟಕ್ಕೆನ್ನಲಿಲ್ಲ. ಮೈದುನ ಬಂದು, ಹತ್ತಿ, ತಾನೇ ಎರಡು ಸೀಟಿ ಊದಿದ. ಬಸ್ಸು ಹೊರಟಿತು.

“ಪರವಾಗಿಲ್ಲಮ್ಮ, ಇಲ್ಲೇ ಇರಲಿ,” ಎಂದರು ಮ್ಯಾನೇಜರ್. “ಹೇಗೆ ಕಲಿಸಿದೆ?”

“ಅದು ಬೇಗ ಕಲೀತು ಸಾರ್. ನನ್ನ ಕೈಗೆ ಕಲಿಸೋದ್ರಲ್ಲಿ ಸಾಕಾಯ್ತು.”

“ಡಿಪೋಗೆ ವಾಪಸ್ ಹೋಗೋಕೆ ಬಸ್ಸು ಎಷ್ಟೊತ್ತಿಗೆ?”

“ಮುಕ್ಕಾಲು ಗಂಟೆ ಕಾಯ್ಬೇಕು. ಈಗೊಂದು ಎಕ್ಸ್‌ಪ್ರೆಸ್ ಬರುತ್ತೆ, ಅದು ಇಲ್ಲಿ ನಿಲ್ಲೋದೇ ಇಲ್ಲ ಸಾರ್. ಕೂತ್ಕೊಳ್ಳಿ, ಚಹಾ ಕೊಡ್ತೀನಿ.”

ಅಷ್ಟರಲ್ಲಿ ತಿರುವಿನಲ್ಲಿ ಎಕ್ಸ್‌ಪ್ರೆಸ್ ಕಾಣಿಸಿಕೊಂಡಿತು. ಸಾಹೇಬರು ಕತ್ತು ಉದ್ದ ಮಾಡಿ ನೋಡಿದರು, ಬಾಳೆಗೊನೆಯನ್ನೂ ನೋಡಿದರು. ಆಮೇಲೆ ಉದ್ದಕ್ಕೆ, ಸ್ಪಷ್ಟವಾಗಿ, ಒಂದೇ ಒಂದು ಸೀಟಿ ಹೊಡೆದರು.

ಕಿರ್‍ರೆಂದು ಬ್ರೇಕ್ ಬಿತ್ತು. ಎಕ್ಸ್‌ಪ್ರೆಸ್ಸು ಅಂಗಡಿಯ ಎದುರಿಗೇ ಬಂದು ನಿಂತಿತು. ಅದರ ಡ್ರೈವರ್ ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದ. ಮ್ಯಾನೇಜರ್ ಹಕ್ಕಿಯನ್ನು ನೋಡಿದರು, ತೆರೆದ ಬಾಗಿಲನ್ನು ನೋಡಿದರು. ಟೋಪಿ ಸರಿಮಾಡಿಕೊಂಡು, ಏನೂ ಆಗದವರಂತೆ ಹತ್ತಿಬಿಟ್ಟರು.

ಅತ್ತಿಗೆಯ ಕೈ ಆಗಲೇ ಹಣ್ಣು ಸುಲಿಯುತ್ತಿತ್ತು.