ಮೇಲೊಂದು ಕಾಲು ಸುತ್ತು

ನಾನು ಕೊಳಾಯಿ ಕೆಲಸದವನು. ನಾನು ಒಮ್ಮೆ ಬಿಗಿದ ಜೋಡಣೆಗೆ ಎರಡನೇ ಸಲ ಯಾರೂ ನನ್ನನ್ನು ಕರೆಸಿಲ್ಲ. ಇಪ್ಪತ್ತಾರು ವರ್ಷಗಳಿಂದ ಇದೇ ನನ್ನ ಜಂಬ. ಬೇರೆ ಕಸುಬಿನವರನ್ನು ಜನ ಮತ್ತೆ ಮತ್ತೆ ಕರೆದರೆ ಅದು ಮರ್ಯಾದೆ, ನಮ್ಮನ್ನು ಕರೆದರೆ ಅವಮಾನ. ಮನೆಯವರು ನನ್ನ ಮುಖವನ್ನೇ ಮರೆತುಬಿಡುವಷ್ಟು ಚೆನ್ನಾಗಿ ಕೆಲಸ ಮಾಡಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಇದೆಲ್ಲ ಬೇರೆಯವರ ಮನೆಗಳ ಮಾತು. ನನ್ನ ಸ್ವಂತ ಮನೆಯ ಅಡುಗೆಕೋಣೆಯ ನಲ್ಲಿ ಆರು ವರ್ಷ ತೊಟ್ಟಿಕ್ಕಿತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಹೆಚ್ಚಾಗಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಆ ಟಪ್ ಟಪ್ ನೇರ ತಲೆಗೇ ಬಡಿಯುತ್ತದೆ ಎನ್ನುತ್ತಿದ್ದಳು. ನಾಳೆ ನೋಡುತ್ತೇನೆ ಎನ್ನುತ್ತಿದ್ದೆ. ಎರಡು ಸಲ ಹೇಳಿದರೆ ಸಿಡುಕುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಲ್ಲಿಯೊಂದಕ್ಕೇ ಯಾರೂ ಸಂಸಾರ ಬಿಟ್ಟು ಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಮಗಳ ಕೈಹಿಡಿದು ಹೊರಟ ದಿನ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟೇ: "ಇವತ್ತಾದ್ರೂ ಕಣ್ತುಂಬ ನಿದ್ದೆ ಮಾಡ್ತೀನಿ."

ನ್ಯಾಯಾಲಯ ಮಗಳನ್ನು ತಾಯಿಯ ಬಳಿ ಬಿಟ್ಟಿತು. ಹದಿನೆಂಟು ತುಂಬುವವರೆಗೆ ಪ್ರತಿ ಭಾನುವಾರ ಹತ್ತರಿಂದ ಆರು ಗಂಟೆಯವರೆಗೆ ಅವಳು ನನ್ನ ಬಳಿ ಇರಬೇಕು ಎಂದು ಬರೆಯಿತು. ಇರಬೇಕು ಎಂದಷ್ಟೇ ಬರೆಯಿತು, ಮಾತಾಡಬೇಕು ಎಂದು ಬರೆಯಲಿಲ್ಲ. ಎರಡು ವರ್ಷ ಅವಳು, ಹಳೆಯ ಮನೆ ಬಿಟ್ಟು ನಾನು ಹಿಡಿದಿದ್ದ ಬಾಡಿಗೆ ಕೋಣೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು ಎದ್ದು ಹೋದಳು. ಊಟ ಮಾಡ್ತೀಯಾ ಎಂದರೆ ಹೂಂ. ಸಾಕಾ ಎಂದರೆ ಹೂಂ. ಉಳಿದ ಹೊತ್ತು ಸಿಂಕಿನ ಕೆಳಗೆ ಪೈಪು ಸೋರಿ ಬಕೆಟ್ಟಿಗೆ ಬೀಳುವ ಸದ್ದು. ಹೌದು, ಈ ಕೋಣೆಯಲ್ಲೂ ಸೋರುತ್ತಿತ್ತು. ಐದು ನಿಮಿಷದ ಕೆಲಸ. ಈಗ ಮಾಡಿದರೆ ಆಗ ಯಾಕೆ ಮಾಡಲಿಲ್ಲ ಎಂದು ನನ್ನನ್ನೇ ಕೇಳಿಕೊಳ್ಳಬೇಕಾಗುತ್ತಿತ್ತು. ಅದಕ್ಕೇ ಕೈ ಏಳಲಿಲ್ಲ.

ಅವಳಿಗೆ ಹದಿನೆಂಟಾಗಲು ನಾಲ್ಕು ತಿಂಗಳಿರುವಾಗ, ಒಂದು ಭಾನುವಾರ, ಬಂದವಳೇ ಹೆಡ್‌ಫೋನ್ ತೆಗೆದಿಟ್ಟು ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿದಳು.

"ಅಪ್ಪ, ನೀರು ಒಂದು ಪೆಟ್ಟಿಗೆ ಒಳಗೆ ಸುತ್ತು ಹೊಡೀತಾ ಇರ್ಬೇಕು. ಎಲ್ಲೂ ಒಂದು ಹನಿ ಸೋರಬಾರ್ದು. ಅದು ನಿನಗೆ ಗೊತ್ತಿರುತ್ತಲ್ಲ?"

ಅವಳು ಆಟವಾಡುವ ಕಂಪ್ಯೂಟರಿನ ನಕ್ಷೆ ಅದು. ಗೆಳತಿಯರು ನಾಲ್ವರು ಸೇರಿ ಒಂದು ಕೋಟೆ ಕಾಯುವ ಆಟವಂತೆ, ಇವಳೇ ದಂಡನಾಯಕಿಯಂತೆ. ನನ್ನ ಮಗಳು ದಂಡನಾಯಕಿ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಹಳೆಯ ಯಂತ್ರ ಕಾದು ಕೆಂಡವಾಗುತ್ತದೆ, ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಕಿರುಚುತ್ತವೆ, ಪಕ್ಕದ ಕೋಣೆಯಲ್ಲಿ ಹಗಲು ಮಲಗುವ ಅಮ್ಮನಿಗೆ ಎಚ್ಚರವಾಗುತ್ತದೆ. ಗಾಳಿಯ ಬದಲು ನೀರಿನಿಂದ ತಣ್ಣಗೆ ಮಾಡಿದರೆ ಸದ್ದೇ ಇರುವುದಿಲ್ಲವಂತೆ. ಒಂದು ಪುಟ್ಟ ಪಂಪು, ಒಂದು ನೀರಿನ ಡಬ್ಬಿ, ಬಿಸಿ ಹೀರಲು ಎರಡು ತಾಮ್ರದ ಗಟ್ಟಿ, ಬಿಸಿ ಆರಿಸಲು ರೇಡಿಯೇಟರು, ನಡುವೆ ಮೆತ್ತನೆಯ ಕೊಳವೆ. ಕ್ಯಾಲೆಂಡರು, ಪೋಸ್ಟರುಗಳಿಗೆ ಚಿತ್ರ ಬರೆದುಕೊಟ್ಟು ಒಂದು ವರ್ಷದಿಂದ ಅವಳೇ ಇದಕ್ಕೆಂದು ದುಡ್ಡು ಕೂಡಿಟ್ಟಿದ್ದಳು.

"ಅಮ್ಮನ ನಿದ್ದೆಗೋಸ್ಕರ ಅಂತೀಯಾ?" ಎಂದೆ.

"ಅರ್ಧ ಅದಕ್ಕೆ. ಅರ್ಧ ಗೆಲ್ಲೋಕೆ," ಎಂದಳು.

ನಾನು ಕನ್ನಡಕ ಹಾಕಿಕೊಂಡು ನಕ್ಷೆಯ ಮೇಲೆ ಬೆರಳು ಓಡಿಸಿದೆ. ರೇಡಿಯೇಟರ್ ಅಲ್ಯೂಮಿನಿಯಂ ಎಂದು ಬರೆದಿದ್ದಳು. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದೇ ನೀರಿನಲ್ಲಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ, ವರ್ಷದೊಳಗೆ ಒಳಗೆಲ್ಲ ಬಿಳಿ ರಾಡಿ ಕಟ್ಟುತ್ತದೆ ಎಂದೆ. ಅಂಥ ಬಾಯ್ಲರುಗಳನ್ನು ಬಿಚ್ಚಿ ಕೈ ಮಸಿ ಮಾಡಿಕೊಂಡವನು ನಾನು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ, ಎದುರಿಗೆ ಒಬ್ಬ ಮನುಷ್ಯನಿದ್ದಾನೆ ಎಂಬಂತೆ. ಆ ನೋಟಕ್ಕಾಗಿ ಎಷ್ಟು ಹಸಿದಿದ್ದೆ ಎಂಬುದು ಆಗಲೇ ತಿಳಿದದ್ದು.

ಅಲ್ಲಿಂದ ಭಾನುವಾರಗಳ ಬಣ್ಣವೇ ಬದಲಾಯಿತು. ಮೇಜಿನ ಮೇಲೆ ಕಂಪ್ಯೂಟರಿನ ಖಾಲಿ ಪೆಟ್ಟಿಗೆ ಬಂತು, ತಾಮ್ರದ ರೇಡಿಯೇಟರ್ ಬಂತು, ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ಜೋಡಣೆಗಳು ಬಂದವು. ಒಟ್ಟು ಹದಿನಾಲ್ಕು. ನೀರು ಎಲ್ಲಿ ಹತ್ತಬೇಕು, ಗಾಳಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಜಗಳವಾಡಿದೆವು. ಅವಳು ತಿದ್ದಿ ಬರೆಯುವಾಗ ನಾಲಿಗೆಯ ತುದಿ ಹೊರಗಿಡುತ್ತಾಳೆ, ಥೇಟ್ ನನ್ನ ತಾಯಿಯಂತೆ. ಸೋಮವಾರದಿಂದ ಶನಿವಾರದವರೆಗೆ ಬೇರೆಯವರ ಮನೆಯ ಸಿಂಕಿನ ಕೆಳಗೆ ಮಲಗಿಕೊಂಡು ನಾನು ನಮ್ಮ ಪೆಟ್ಟಿಗೆಯನ್ನೇ ಯೋಚಿಸುತ್ತಿದ್ದೆ.

ಆರನೇ ವಾರ ನೀರಿನ ಡಬ್ಬಿ ಬಂತು. ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ಕು. ಅವಳು ಕೈ ತೊಳೆಯಲು ಹೋದ ಹೊತ್ತಿನಲ್ಲಿ, ನೋಡು ನಿನ್ನಪ್ಪನ ಕೈ ಎಂದು ತೋರಿಸುವ ಚಪಲಕ್ಕೆ, ನಾನು ಒಂದು ಜೋಡಣೆಗೆ ಬಿಳಿ ಟೇಪು ಸುತ್ತಿ, ಸ್ಪ್ಯಾನರು ಹಚ್ಚಿ, ಕಬ್ಬಿಣಕ್ಕೆ ಬಿಗಿದ ಹಾಗೆ ಬಿಗಿದೆ. ಚಟ್ ಎಂದಿತು. ಡಬ್ಬಿಯ ಬಾಯಿಂದ ಬುಡದವರೆಗೆ ಬಿರುಕು.

ಅವಳು ಬಂದು ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಇದಕ್ಕೆ ಟೇಪೂ ಬೇಡ, ಸ್ಪ್ಯಾನರೂ ಬೇಡ ಅಪ್ಪ," ಎಂದಳು, ಮಗುವಿಗೆ ಹೇಳಿಕೊಡುವ ದನಿಯಲ್ಲಿ. "ಒಳಗೆ ರಬ್ಬರ್ ಉಂಗುರ ಇದೆ, ನೀರು ತಡೆಯೋದು ಅದು. ಕೈಯಲ್ಲಿ ತಿರುಗಿಸು. ನಿಲ್ಲುತ್ತಲ್ಲ, ಅಲ್ಲಿಂದ ಮೇಲೊಂದು ಕಾಲು ಸುತ್ತು. ಅಷ್ಟೇ."

ರಬ್ಬರಿನ ಕೆಲಸದ ಆ ಪಾಠವನ್ನು ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೋ. ಗೊತ್ತಿದ್ದದ್ದನ್ನು ಜಂಬ ಮರೆಸಿತ್ತು. ನಾಚಿಕೆಯಿಂದ ಮುಖ ಕೆಳಗೆ ಹಾಕಿದೆ. ಹೊಸ ಡಬ್ಬಿಯ ಖರ್ಚು ನನ್ನದು ಎಂದೆ. ಅದು ಬರಲು ಮೂರು ವಾರವಾಗುತ್ತದೆ ಎಂದಳು. ಮೂರು ವಾರ ಎಂದು ಕೇಳಿದ ಕೂಡಲೇ ನನ್ನೊಳಗೆ ಏನೋ ಹಗುರವಾಯಿತು. ಖುಷಿಯಾಯಿತು ಎಂದೇ ಹೇಳಬೇಕು. ಮಗಳು ಆಸೆಪಟ್ಟು ತಂದದ್ದನ್ನು ಒಡೆದು ಖುಷಿಪಡುವ ಅಪ್ಪ ನಾನು.

ಯಾಕೆಂದರೆ ಅಷ್ಟು ಹೊತ್ತಿಗೆ ನಾನು ಲೆಕ್ಕ ಹಾಕತೊಡಗಿದ್ದೆ. ಹುಟ್ಟುಹಬ್ಬದ ನಂತರ ಅವಳು ಬರಲೇಬೇಕೆಂದಿಲ್ಲ. ಪೆಟ್ಟಿಗೆ ಮುಗಿದರೆ ಬರಲು ಕಾರಣವೂ ಇಲ್ಲ. ಪೆಟ್ಟಿಗೆ ಮುಗಿಯದಿದ್ದರೆ?

ಹೊಸ ಡಬ್ಬಿ ಬಂದ ಮೇಲೆ ನಾನು ಸುಳ್ಳು ಪೋಣಿಸತೊಡಗಿದೆ. ರೇಡಿಯೇಟರಿನ ಒಳಗೆ ಕಾರ್ಖಾನೆಯ ಕೊಳೆ ಇರುತ್ತದೆ, ಮೂರು ವಾರ ನೀರು ಬದಲಾಯಿಸಿ ನೆನೆಸಬೇಕು ಎಂದೆ. ಕೊಳವೆಗೆ ಏನೋ ವಾಸನೆ, ಬೇರೆ ತರಿಸು ಎಂದೆ. ಪೆಟ್ಟಿಗೆಯ ಅಳತೆ ಅರ್ಧ ಬೆರಳು ಕಡಿಮೆ ಇದೆ, ನಕ್ಷೆ ಮೊದಲಿನಿಂದ ಬರೆಯಬೇಕು ಎಂದೆ. ಕಸುಬಿನವನ ಬಾಯಲ್ಲಿ ಬಂದ ಸುಳ್ಳಿಗೆ ತೂಕ ಜಾಸ್ತಿ. ಅವಳು ಪ್ರತಿ ಸಲ ಸರಿ ಎಂದಳು.

ಹುಟ್ಟುಹಬ್ಬಕ್ಕೆ ಹತ್ತು ದಿನ ಇರುವಾಗ ಅವಳು ಬಂದು, ಅಳತೆ ಟೇಪು ಬಿಚ್ಚಿ, ನನ್ನ ಕಣ್ಣೆದುರಿಗೇ ಪೆಟ್ಟಿಗೆ ಅಳೆದಳು. ಅಳತೆ ಸರಿಯಾಗಿಯೇ ಇತ್ತು. ಅರ್ಧ ಬೆರಳು ಎಲ್ಲಿ ಕಡಿಮೆ ಎಂದು ಕೇಳಲಿಲ್ಲ.

"ರೇಡಿಯೇಟರ್ ತೊಳೆಯೋಕೆ ಅರ್ಧ ಗಂಟೆ ಸಾಕು. ಅದನ್ನ ಮೊದಲ ವಾರಾನೇ ಓದಿದ್ದೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನು ಯಾಕೆ ಹೀಗೆ ಹೇಳ್ತಿದೀಯ ಅಂತ ಗೊತ್ತಾಗ್ಲಿ ಅಂತ."

"ಗೊತ್ತಾಯ್ತಾ?"

"ಹೂಂ." ಟೇಪನ್ನು ಸುತ್ತಿ ಕಿಸೆಯಲ್ಲಿಟ್ಟಳು. "ಅಮ್ಮನಿಗೆ ನಾಳೆ, ನಾಳೆ ಅಂತಿದ್ದೆ. ಈಗ ನನಗೂ ಅದನ್ನೇ ಅಂತಿದೀಯ. ಮುಂದಿನ ಭಾನುವಾರ ಕೊನೇದು. ಅವತ್ತು ಜೋಡಿಸ್ತೀವಿ."

ಸಿಟ್ಟು ನೆತ್ತಿಗೇರಿತು. ದೊಡ್ಡವರ ಜೊತೆ ಹೀಗಾ ಮಾತಾಡೋದು ಎಂಬ ಮಾತು ಗಂಟಲವರೆಗೆ ಬಂತು. ಹಳೆಯ ಮನೆಯಲ್ಲಾಗಿದ್ದರೆ ಬಂದೇಬಿಡುತ್ತಿತ್ತು. ಸಿಂಕಿನ ಕೆಳಗೆ ಮೂರು ಹನಿ ಬಿದ್ದವು. ಸರಿ ಎಂದೆ.

ಕೊನೆಯ ಭಾನುವಾರ ಹತ್ತು ಗಂಟೆಗೆ ಶುರು ಮಾಡಿದೆವು. ತಾಮ್ರದ ಗಟ್ಟಿಗಳನ್ನು ಅವಳು ಕೂರಿಸಿದಳು, ಕೊಳವೆಗಳನ್ನು ನಾನು ಕತ್ತರಿಸಿಕೊಟ್ಟೆ. ಜೋಡಣೆಗಳನ್ನು ಬಿಗಿಯುವುದು ನಿನ್ನ ಕೆಲಸ ಎಂದಳು. ಕೈಯಲ್ಲಿ ನಿಲ್ಲುವವರೆಗೆ, ಮೇಲೊಂದು ಕಾಲು ಸುತ್ತು. ಹದಿಮೂರು ಮುಗಿದವು. ಹದಿನಾಲ್ಕನೆಯದು ಅವಳು ಅತಿ ಆಸೆಯಿಂದ ಕೊಂಡ, ಆಟದ ಚಿತ್ರ ಮೂಡಿಸುವ ಕಾರ್ಡಿನ ನೆತ್ತಿಯ ಮೇಲೆ.

ಕೈಯಲ್ಲಿ ನಿಲ್ಲುವವರೆಗೆ ತಿರುಗಿಸಿದೆ. ಅಲ್ಲೇ ಬೆರಳು ನಿಂತಿತು.

ಈ ಕಾಲು ಸುತ್ತು ಬಿಟ್ಟರೆ ಇವತ್ತು ಏನೂ ಆಗುವುದಿಲ್ಲ. ಒಂದು ತಿಂಗಳೋ ಎರಡು ತಿಂಗಳೋ ಬಿಟ್ಟು ಒಂದು ಹನಿ ಇಣುಕುತ್ತದೆ. ಆಗ ಅವಳು ಫೋನು ಮಾಡುತ್ತಾಳೆ. ನಾನು ಸಲಕರಣೆಯ ಚೀಲ ಹಿಡಿದುಕೊಂಡು ಓಡುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಎರಡನೇ ಸಲ ಕರೆಸಿಕೊಳ್ಳದವನಿಗೆ ಒಂದೇ ಒಂದು ಸಲ ಕರೆಸಿಕೊಳ್ಳುವ ಆಸೆ. ಅಷ್ಟರಲ್ಲಿ ಕಾರ್ಡು ಸುಟ್ಟರೆ ಸುಡಲಿ ಎನ್ನುವವರೆಗೆ ಹೋಯಿತು ಮನಸ್ಸು.

"ಯಾಕಪ್ಪ ನಿಂತೆ?"

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು, ಬೆರಳು ಜಾರಿತು ಎಂದೋ ಇನ್ನೊಂದೋ. ಬಾಯಿ ತಾನಾಗಿ ತೆರೆಯಿತು.

"ಇದನ್ನ ಸಡಿಲ ಬಿಡೋಣ ಅನ್ನಿಸ್ತು. ಸೋರಿದ್ರೆ ನನ್ನ ಕರೀತೀಯಲ್ಲ ಅಂತ. ನೀನು ಬರದಿದ್ರೆ ನನಗೆ ಭಾನುವಾರ ಹೇಗೆ ಕಳೀಬೇಕು ಅಂತ ಗೊತ್ತಿಲ್ಲ ಮರೀ."

ನಾನು ಕಾಲು ಸುತ್ತು ಹಾಕಿದೆ. ರಬ್ಬರು ಹದವಾಗಿ ಕೂತದ್ದು ಬೆರಳಿಗೆ ತಿಳಿಯಿತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಿಗಿದ ಜೋಡಣೆ ಇನ್ನೊಂದಿಲ್ಲ, ಅಷ್ಟು ಕಷ್ಟದ್ದೂ ಇಲ್ಲ.

ಆಮೇಲೆ ನೀರು ತುಂಬಿಸಿ, ಪಂಪೊಂದನ್ನೇ ಚಾಲೂ ಮಾಡಿ, ಪ್ರತಿ ಜೋಡಣೆಯ ಕೆಳಗೂ ಮಡಚಿದ ತೆಳು ಕಾಗದವಿಟ್ಟು ಕಾದೆವು. ಒಂದು ಕಾಗದ ಒದ್ದೆಯಾದರೂ ಬಿಚ್ಚಬೇಕು. ಗಂಟೆಗೊಮ್ಮೆ ಅವಳು ಬಗ್ಗಿ ಹದಿನಾಲ್ಕೂ ಕಾಗದಗಳನ್ನು ಮುಟ್ಟಿ ನೋಡುತ್ತಿದ್ದಳು. ಐದೂವರೆಗೆ ಕೊನೆಯ ಸಲ ನೋಡಿ, ಒಣಗಿವೆ ಎಂದಳು. ಆರು ಗಂಟೆಗೆ ಅವಳನ್ನು ಕರೆದೊಯ್ಯುವ ಕಾರು ಬಂತು. ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ ಕೂರಿಸಿದೆ. ಅವಳು ಕೈ ಬೀಸಿದಳು, ಅಷ್ಟೇ.

ಬುಧವಾರ ಅವಳಿಗೆ ಹದಿನೆಂಟಾಯಿತು. ಶುಭಾಶಯ ಕಳಿಸಿದೆ. ಥ್ಯಾಂಕ್ಸ್ ಅಪ್ಪ ಎಂದು ಬಂತು.

ಮುಂದಿನ ಭಾನುವಾರ ಹತ್ತು ಗಂಟೆಗೆ ಮೇಜು ಒರೆಸಿ ಕೂತೆ. ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೇ ವಾರ ಎರಡು ತಟ್ಟೆ ತೆಗೆದು ಒಂದನ್ನು ವಾಪಸಿಟ್ಟೆ. ಪೆಟ್ಟಿಗೆ ಸೋರುತ್ತಿಲ್ಲ ಎಂದು ನನಗೆ ಖಾತ್ರಿಯಿತ್ತು. ಒಳ್ಳೆಯ ಕೆಲಸ ಮಾಡಿದವನ ಮುಖವನ್ನು ಮನೆಯವರು ಮರೆತುಬಿಡಬೇಕು ಎಂದು ಹೇಳಿಕೊಂಡು ತಿರುಗಿದವನು ನಾನೇ ತಾನೇ. ನಾಲ್ಕನೇ ವಾರ ಕಿಟಕಿ ಪಕ್ಕದ ಕುರ್ಚಿಯನ್ನು ಗೋಡೆಗೆ ತಿರುಗಿಸಿಟ್ಟು, ಹೇಳಿಕೊಳ್ಳಲು ನಾಚಿಕೆ, ಅತ್ತುಬಿಟ್ಟೆ.

ಐದನೇ ಭಾನುವಾರ ಹನ್ನೊಂದು ದಾಟಿತ್ತು. ಬಾಗಿಲು ಬಡಿದ ಸದ್ದು. ಅವಳು ನಿಂತಿದ್ದಳು, ಕೈಯಲ್ಲಿ ಒಂದು ಚೀಲ.

"ಸೋರ್ತಾ?" ಎಂದೆ.

"ಇಲ್ಲ. ಒಂದು ಹನಿ ಇಲ್ಲ, ಸದ್ದೂ ಇಲ್ಲ. ಅಮ್ಮ ಮೊನ್ನೆ ಒಂಬತ್ತು ಗಂಟೆ ಒಂದೇ ಸಮ ಮಲಗಿದ್ಲು." ಒಳಗೆ ಬಂದು ಕುರ್ಚಿಯನ್ನು ಗೋಡೆಯಿಂದ ಈಚೆಗೆ ತಿರುಗಿಸಿದಳು. "ಯಾರೂ ಹೋಗು ಅನ್ನದಿದ್ರೆ ನಾನು ಬರ್ತೀನಾ ಅಂತ ನೋಡ್ಬೇಕಿತ್ತು. ನಾಲ್ಕು ವಾರ ನೋಡಿದೆ."

ಚೀಲದಿಂದ ಒಂದು ಸ್ಪ್ಯಾನರು, ಒಂದು ಹೊಸ ರಬ್ಬರ್ ಬಿಲ್ಲೆ ತೆಗೆದಳು. ನೇರ ಹೋಗಿ ಸಿಂಕಿನ ಕೆಳಗೆ ಮಂಡಿಯೂರಿ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು. ನಾನು ನೀರಿನ ವಾಲ್ವು ಮುಚ್ಚಿ ಟಾರ್ಚು ಹಿಡಿದೆ. ಹಳೆಯ ಬಿಲ್ಲೆ ಸವೆದು ಚೂರುಚೂರಾಗಿತ್ತು. ಹೊಸದನ್ನು ಕೂರಿಸಿ, ನಾಲಿಗೆಯ ತುದಿ ಹೊರಗಿಟ್ಟುಕೊಂಡು, ನಟ್ಟನ್ನು ಕೈಯಲ್ಲಿ ನಿಲ್ಲುವವರೆಗೆ ತಿರುಗಿಸಿದಳು. ನಾನು ವಾಲ್ವು ತೆರೆದೆ. ನೀರು ಜೋಡಣೆಯ ಅಂಚಿನಲ್ಲಿ ಮಣಿಯಷ್ಟು ಮೂಡಿತು.

"ಮೇಲೊಂದು ಕಾಲು ಸುತ್ತು," ಎಂದೆ.

ಅವಳು ಸ್ಪ್ಯಾನರನ್ನು ಹಚ್ಚಿದಳು. ಮತ್ತೆ ತೆಗೆದಳು. ಎದ್ದು, ಕೈ ಒರೆಸಿಕೊಂಡು, ಸ್ಪ್ಯಾನರನ್ನು ನನ್ನ ಮೇಜಿನ ಮೇಲಿಟ್ಟಳು.

"ಅದನ್ನ ಮುಂದಿನ ಭಾನುವಾರ ಹಾಕೋಣ," ಎಂದಳು. ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಬಕೆಟ್ಟನ್ನು ಮತ್ತೆ ಪೈಪಿನ ಕೆಳಗಿಟ್ಟೆ.