ಕೋಳ ಹಾಕದ ಒಂದು ವರ್ಷ

ನಗರದ ಹತ್ತು ಠಾಣೆಗಳಲ್ಲಿ ಮಾದಕವಸ್ತು ಪ್ರಕರಣಗಳಲ್ಲಿ ಅತಿ ಹೆಚ್ಚು ಜನರನ್ನು ಹಿಡಿದವರು ಯಾರೆಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಜಪ್ತಿ ಸಾಹೇಬರು. ಜೇಬಿನಲ್ಲಿ ಚಿಟಿಕೆ ಪುಡಿ ಇಟ್ಟುಕೊಂಡವನು ಅವರ ಕಣ್ಣು ತಪ್ಪಿಸಿ ರಸ್ತೆ ದಾಟುವುದು ಆಗದ ಮಾತು. ಇನ್ಸ್‌ಪೆಕ್ಟರ್ ಆಗಿ ಆರು ವರ್ಷ, ಆರೂ ವರ್ಷ ಅವರದೇ ಮೊದಲ ಸ್ಥಾನ. ಹಾಗಾಗಿ ತಿಂಗಳ ಸಭೆಗೆ ಕಮಿಷನರ್ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬಳನ್ನು ಕರೆತಂದಾಗ ಸಾಹೇಬರು ಮೀಸೆ ನೇವರಿಸಿಕೊಂಡು, ಹೊಗಳಿಸಿಕೊಳ್ಳಲು ಸಿದ್ಧರಾಗಿಯೇ ಕೂತರು.

"ನಿಮ್ಮ ಠಾಣೆಯ ಕಡತ ಪೂರ್ತಿ ಓದಿದೆ ಸರ್," ಎಂದಳು ಅವಳು. "ಮೂರು ವರ್ಷಕ್ಕೆ ಮುನ್ನೂರ ಹನ್ನೆರಡು ಬಂಧನ."

"ಹೌದಮ್ಮ," ಎಂದು ಸಾಹೇಬರು ಎದೆಯುಬ್ಬಿಸಿದರು.

"ಆದ್ರೆ ಜನ ತೊಂಬತ್ತೊಂದೇ. ಅವರನ್ನೇ ತಿರುಗಾ ಮುರುಗಾ ಹಿಡಿದಿದ್ದೀರಿ. ಒಬ್ಬ ವೆಲ್ಡರ್ ಇದ್ದಾನಲ್ಲ, ಅವನನ್ನ ಹನ್ನೊಂದು ಸಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು. "ಅವನು ಹನ್ನೊಂದು ಸಲ ಸಿಕ್ಕಿಬಿದ್ರೆ ಅದಕ್ಕೆ ನಾನೇನು ಮಾಡ್ಲಿ?"

"ಅದನ್ನ ಕಂಡುಹಿಡಿಯೋಕೇ ಬಂದಿದ್ದೀನಿ."

ಅವಳ ಯೋಜನೆ ಸರಳವಾಗಿತ್ತು. ಮಾರುವವರನ್ನು ಎಂದಿನಂತೆ ಬಂಧಿಸುವುದು. ಆದರೆ ಐದು ಠಾಣೆಗಳಲ್ಲಿ, ಸ್ವಂತಕ್ಕೆಂದು ಒಂದಿಷ್ಟು ಇಟ್ಟುಕೊಂಡವರಿಗೆ ಕೋಳದ ಬದಲು ಒಂದು ಪತ್ರ ಕೊಟ್ಟು, ಚಿಕಿತ್ಸಾ ಕೇಂದ್ರದವರೆಗೆ ಜೊತೆಗೆ ಹೋಗಿ ಬಿಟ್ಟುಬರುವುದು. ಉಳಿದ ಐದರಲ್ಲಿ ಹಳೆಯ ಪದ್ಧತಿ. ಸಣ್ಣ ಕಳವು ಹೆಚ್ಚಾಗಿ ಪುಡಿಯ ದುಡ್ಡಿಗಾಗಿಯೇ ನಡೆಯುವುದರಿಂದ, ಒಂದು ವರ್ಷದ ಮೇಲೆ ಎರಡೂ ಕಡೆಯ ಕಳವಿನ ದೂರುಗಳನ್ನು ಹೋಲಿಸುವುದು. ಯಾವ ಠಾಣೆಗೆ ಯಾವುದು ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುವುದು. ನಾವೇ ಆರಿಸಿದರೆ ಸುಲಭದ ಬಡಾವಣೆಗಳನ್ನೇ ಆರಿಸಿಕೊಂಡುಬಿಡುತ್ತೇವೆ ಎಂದಳು. ಕಮಿಷನರ್ ತಮ್ಮ ಟೋಪಿಯನ್ನು ಮಗುಚಿ ಮೇಜಿನ ಮೇಲಿಟ್ಟರು. ಪತ್ರದ ಪಾಲಿಗೆ ಬಂದ ಮೊದಲ ಚೀಟಿಯೇ ಜಪ್ತಿ ಸಾಹೇಬರದು.

ಚಿಕಿತ್ಸಾ ಕೇಂದ್ರದಲ್ಲಿ ಹಿರಿಯ ನರ್ಸ್ ಆಗಿದ್ದವಳು ಅವರ ಸ್ವಂತ ಅಕ್ಕ. ಸುದ್ದಿ ಕೇಳಿ ಫೋನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟು ವರ್ಷ ನನ್ನ ರೋಗಿಗಳನ್ನ ಅರ್ಧ ಚಿಕಿತ್ಸೆಯಲ್ಲೇ ಎತ್ತಾಕ್ಕೊಂಡು ಹೋಗ್ತಿದ್ದೆಯಲ್ಲೋ ತಮ್ಮ. ಈಗ ನೀನೇ ಕೈಹಿಡಿದು ಕರ್ಕೊಂಡು ಬಾ."

ಮೂರನೇ ದಿನವೇ ವೆಲ್ಡರ್ ಸಿಕ್ಕ, ಬಸ್ ನಿಲ್ದಾಣದ ಹಿಂಬದಿಯ ಗೋಡೆಯ ಹತ್ತಿರ. ಸಾಹೇಬರನ್ನು ಕಂಡದ್ದೇ ರೂಢಿಯಂತೆ ಎರಡೂ ಕೈ ಮುಂದೆ ಚಾಚಿದ. ಸಾಹೇಬರು ಆ ಕೈಗೆ ಪತ್ರ ಇಟ್ಟರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಸಾಹೇಬ್ರೆ, ನನ್ನ ಮೇಲೆ ಬೇಜಾರಾ?" ಎಂದ.

"ಬಾಯಿ ಮುಚ್ಕೊಂಡು ನಡಿ."

ಇಬ್ಬರೂ ಕೇಂದ್ರ ತಲುಪಿದಾಗ ನಾಲ್ಕೂ ಕಾಲು. ಅಕ್ಕ ಬೀಗ ಹಾಕುತ್ತಿದ್ದಳು. ಡಾಕ್ಟರು ಹೋಗಿಯಾಗಿತ್ತು, ಔಷಧಿ ಕೋಣೆ ಮುಚ್ಚಿತ್ತು. "ನಾಳೆ ಬೆಳಿಗ್ಗೆ ಬಾಪ್ಪ," ಎಂದಳು. ವೆಲ್ಡರ್ ತಲೆಯಾಡಿಸಿ ಹೋದವನು ಎರಡು ವಾರ ಪತ್ತೆಯಿಲ್ಲ.

ಸಾಹೇಬರಿಗೆ ಮೈಯೆಲ್ಲಾ ಉರಿಯಿತು. ಪ್ರತಿ ಪತ್ರಕ್ಕೂ ಸಂಶೋಧಕಿ ಕೊಟ್ಟಿದ್ದ ಒಂದು ನಮೂನೆ ತುಂಬಬೇಕಿತ್ತು. ಅದರ ಕೆಳಗಿನ 'ಇತರೆ' ಎಂಬ ಖಾಲಿ ಜಾಗದಲ್ಲಿ, 'ಬಾಗಿಲು ಮುಚ್ಚಿತ್ತು' ಎಂದು ಕಾಗದ ಹರಿಯುವಷ್ಟು ಒತ್ತಿ ಬರೆದರು. ಮುಂದೆ ಮತ್ತೆ ಬರೆದರು. ಆರು ತಿಂಗಳಲ್ಲಿ ನಲವತ್ತಮೂರು ಸಲ ಅದೇ ಮಾತು, ದಿನ ಕಳೆದಂತೆ ಅಕ್ಷರ ದಪ್ಪವಾಗುತ್ತ ಹೋಯಿತು. ಎರಡನೆಯ ಸಲ ವೆಲ್ಡರ್ ಸಿಕ್ಕಾಗ ಮಾತ್ರ ಸಾಹೇಬರು ಗಡಿಯಾರ ನೋಡಿಕೊಂಡರು. ಮಧ್ಯಾಹ್ನ ಹನ್ನೆರಡು. ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಡಾಕ್ಟರ ಮುಂದೆಯೇ ಇಳಿಸಿದರು.

ಒಂದು ದಿನ ಸಂಶೋಧಕಿ ಠಾಣೆಗೇ ಓಡಿಬಂದಳು. "ಸರ್, ಆ ಖಾಲಿ ಜಾಗದಲ್ಲಿ ನೀವೊಬ್ಬರೇ ಬರೆದಿರೋದು. ನಾನಂತೂ ಕೇಂದ್ರ ಮುಚ್ಚೋ ಹೊತ್ತನ್ನ ಯೋಚಿಸೇ ಇರ್ಲಿಲ್ಲ. ಐದೂ ಠಾಣೆಗಳ ಪತ್ರಗಳನ್ನ ಹೊತ್ತಿನ ಪ್ರಕಾರ ಬೇರೆ ಮಾಡಿ ನೋಡಿದೆ. ನಾಲ್ಕು ಗಂಟೆ ಒಳಗೆ ಹೋದವರಲ್ಲಿ ಹತ್ತಕ್ಕೆ ಆರು ಜನ ಚಿಕಿತ್ಸೆ ಮುಂದುವರಿಸಿದ್ದಾರೆ. ಆಮೇಲೆ ಹೋದವರಲ್ಲಿ ಹತ್ತಕ್ಕೆ ಒಬ್ಬ."

"ಅದಕ್ಕೆ ಇಷ್ಟು ಓದಬೇಕೇನಮ್ಮ? ಬೀಗ ನೋಡಿದ್ರೆ ಗೊತ್ತಾಗಲ್ವಾ?" ಎಂದರು ಸಾಹೇಬರು. ಗೊಣಗಿಕೊಂಡೇ ಅವಳಿಗೆ ಚಹಾ ತರಿಸಿದರು, ಅವಳ ಕೋಷ್ಟಕಗಳನ್ನು ಒಂದೊಂದಾಗಿ ಬಿಡಿಸಿ ಕೇಳಿದರು. ಚಹಾ ಎರಡು ಸಲ ಬಂತು.

ವರ್ಷ ಮುಗಿದು ಸಭೆ ಸೇರಿದಾಗ ಸಂಶೋಧಕಿ ಫಲಿತಾಂಶ ಇಟ್ಟಳು. ಪತ್ರ ಕೊಟ್ಟ ಠಾಣೆಗಳಲ್ಲಿ ಕಳವಿನ ದೂರು ಐದನೇ ಒಂದು ಪಾಲು ಇಳಿದಿತ್ತು. ಉಳಿದ ಕಡೆ ಇದ್ದಷ್ಟೇ ಇತ್ತು. ಹಳೆಯ ಪದ್ಧತಿಯ ಪಾಲಿಗೆ ಬಂದಿದ್ದ ಉತ್ತರ ಠಾಣೆಯ ಇನ್ಸ್‌ಪೆಕ್ಟರ್ ಮೂಗು ಮುರಿದರು. "ಈ ವರ್ಷ ಮಳೆ ಜೋರು. ಕಳ್ಳರು ಮನೆ ಬಿಟ್ಟು ಹೊರಡಲಿಲ್ಲ, ಅಷ್ಟೇ."

ಸಂಶೋಧಕಿ ಬಾಯಿ ತೆರೆಯುವ ಮೊದಲೇ ಜಪ್ತಿ ಸಾಹೇಬರು ಎದ್ದು ನಿಂತಿದ್ದರು. "ಊರಿಗೆಲ್ಲಾ ಒಂದೇ ಮಳೆ ಕಣ್ರೀ. ನಮ್ಮ ಐದು ಠಾಣೆ ಹುಡುಕ್ಕೊಂಡು ಬಂದು ಸುರೀತಾ? ಅದಕ್ಕೇ ಅಲ್ವೇನ್ರೀ ಚೀಟಿ ಎತ್ತಿದ್ದು!"

ಸಭೆ ಗೊಳ್ಳೆಂದಿತು. ಕಮಿಷನರ್ ಕೂಡ ನಕ್ಕರು, ಆದರೆ ಬರೆದುಕೊಂಡರು. ತಿಂಗಳೊಳಗೆ ಆದೇಶ ಹೊರಬಿತ್ತು: ಹತ್ತೂ ಠಾಣೆಗಳಿಗೆ ಪತ್ರದ ಪದ್ಧತಿ, ಚಿಕಿತ್ಸಾ ಕೇಂದ್ರ ರಾತ್ರಿ ಎಂಟರವರೆಗೆ. ಬಾಗಿಲು ತೆರೆದಿದ್ದಾಗ ಹೋದವರಲ್ಲೂ ಹತ್ತಕ್ಕೆ ನಾಲ್ವರು ಯಾಕೆ ಉಳಿಯುವುದಿಲ್ಲ ಎಂದು ಇನ್ನೊಂದು ವರ್ಷ ನೋಡಬೇಕು ಎಂಬ ಸಂಶೋಧಕಿಯ ಮಾತೂ ಅದರಲ್ಲಿ ಸೇರಿತ್ತು. ವೆಲ್ಡರ್ ನಡುವೆ ಒಮ್ಮೆ ಜಾರಿದ್ದ, ತಾನಾಗಿಯೇ ಮರಳಿದ್ದ. ಈಗ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ.

ಸಂಜೆ ಪಾಳಿ ಶುರುವಾದ ಮೊದಲ ದಿನ ಸಾಹೇಬರಿಗೆ ತಡೆಯಲಾಗಲಿಲ್ಲ. ಆರು ಗಂಟೆಗೆ ಕೇಂದ್ರದ ಬಾಗಿಲಲ್ಲಿ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಯಾರೂ ಬಂದಿಲ್ವಲ್ಲೇ ಅಕ್ಕ!"

"ಹೇಗೆ ಬರ್ತಾರೋ? ಯೂನಿಫಾರ್ಮ್ ಹಾಕ್ಕೊಂಡು ಬಾಗಿಲಿಗೆ ಕಂಬದ ಹಾಗೆ ನಿಂತಿದ್ದೀಯ. ಆ ಕಡೆ ಹೋಗು!"

ಸಾಹೇಬರು ಪೆಚ್ಚಾಗಿ ರಸ್ತೆ ದಾಟಿ, ಹಣ್ಣಿನ ಅಂಗಡಿಯ ಮರೆಗೆ ಸರಿದರು. ಎರಡು ನಿಮಿಷವೂ ಆಗಿರಲಿಲ್ಲ, ಮೂಲೆಯಲ್ಲಿ ಫೋನು ನೋಡುವವರಂತೆ ನಿಂತಿದ್ದ ಇಬ್ಬರು ಸರಸರನೆ ಒಳಗೆ ನುಗ್ಗಿದರು. ಆಮೇಲೆ ಒಬ್ಬಳು ಹೆಂಗಸು. ಆಮೇಲೆ ಮತ್ತೊಬ್ಬ.

ಸಾಹೇಬರು ಫೋನ್ ತೆಗೆದು ಸಂಶೋಧಕಿಗೆ ಕರೆ ಮಾಡಿದರು. "ಅಮ್ಮ, ಪೊಲೀಸ್ ಬಾಗಿಲಲ್ಲಿ ನಿಂತ್ರೆ ಎಷ್ಟು ಜನ ವಾಪಸ್ ಹೋಗ್ತಾರೆ ಅಂತ ಯಾರಾದ್ರೂ ಎಣಿಸಿದ್ದಾರಾ?"

"ನಮ್ಮೂರಲ್ಲಂತೂ ಇಲ್ಲ ಸರ್. ಯಾಕೆ?"

"ಹಾಗಾದ್ರೆ ಒಂದು ನಮೂನೆ ಮಾಡಿ ಕಳಿಸಿ," ಎಂದರು ಸಾಹೇಬರು, ಒಳಗೆ ಹೋಗುತ್ತಿದ್ದ ಐದನೆಯವನನ್ನು ಬೆರಳು ಮಡಿಸಿ ಎಣಿಸುತ್ತ.